ಗಾಣದೆತ್ತುಗಳ ವಿಳಾಸ

ಹೋದ ವರ್ಷ ಸೊಂಟನೋವಿಗೆಂದು ಎಂಆರ್‌ಐ ಸುರಂಗದೊಳಗೆ ಮಲಗಿದ್ದಾಗ ನನಗೆ ಕೆಮ್ಮು ಬಂತು. ಬಂದದ್ದು ಒಂದೇ ಸಲ, ಅದನ್ನೂ ಬಾಯಿ ಬಿಗಿಹಿಡಿದು ಅರ್ಧಕ್ಕೇ ನುಂಗಿದೆ. ಆದರೂ ಸ್ವಲ್ಪ ಹೊತ್ತಿಗೆ ಕಿವಿಯ ಹೆಡ್‌ಫೋನಿನಲ್ಲಿ ಟೆಕ್ನಿಷಿಯನ್ ಹುಡುಗನ ದನಿ ಕೇಳಿಸಿತು: "ಸಾರ್, ಅಲ್ಲಾಡಿಬಿಟ್ರಿ. ಇದೊಂದು ಮತ್ತೆ ತಗೋಬೇಕು, ಐದು ನಿಮಿಷ ಹಂಗೇ ಇರಿ." ಎಲ್ಲ ಮುಗಿದು ಬೆಲ್ಟು, ವಾಚು ವಾಪಸು ಕಟ್ಟಿಕೊಳ್ಳುವಾಗ, ಹಾಳಾದದ್ದು ಹೇಗಿದೆ ತೋರಿಸಪ್ಪ ಅಂದೆ. ತೋರಿಸಿದ. ಬೆನ್ನುಮೂಳೆಯ ಒಂದೊಂದು ಬಿಲ್ಲೆಗೂ ಮೇಲೆ ಕೆಳಗೆ ತೆಳುವಾದ ನೆರಳುಗಳು. ಅಚ್ಚಿನ ಮನೆಯಲ್ಲಿ ಕಾಗದ ಜಾರಿ ಎರಡೆರಡು ಸಲ ಮುದ್ರಣವಾದ ಪುಟದ ಹಾಗೆ.

ನನಗೆ ಸೋಜಿಗವಾದದ್ದು ಆ ನೆರಳುಗಳ ದಿಕ್ಕು. ಕೆಮ್ಮಿದಾಗ ನನ್ನ ಹೊಟ್ಟೆ ಆಡಿದ್ದು ಮುಂದಕ್ಕೆ ಹಿಂದಕ್ಕೆ, ನೆರಳು ಬಿದ್ದದ್ದು ತಲೆಯಿಂದ ಕಾಲಿನ ಕಡೆಗೆ. ಕ್ಯಾಮೆರಾದಲ್ಲಾದರೆ ಯಾವ ದಿಕ್ಕಿಗೆ ಅಲ್ಲಾಡುತ್ತೇವೋ ಆ ದಿಕ್ಕಿಗೇ ಚಿತ್ರ ಮಸುಕಾಗುತ್ತದೆ. ಹುಡುಗನನ್ನು ಕೇಳಿದೆ. "ಅದು ಫೇಸ್ ಡೈರೆಕ್ಷನ್ ಸಾರ್. ನೀವು ಹೆಂಗೇ ಅಲ್ಲಾಡಿ, ಯಾವಾಗ್ಲೂ ಆ ಕಡೆಗೇ ಬರೋದು" ಅಂದು ಮುಂದಿನವರ ಹೆಸರು ಕೂಗಿದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ ಎಂದು ತಿಳಿಯುವುದಕ್ಕೆ ನನಗೆ ಕೆಲವು ತಿಂಗಳ ಓದು ಬೇಕಾಯಿತು. ಎಂಆರ್‌ಐಯಲ್ಲಿ ರೋಗಿ ಅನುಭವಿಸುವ ಮೂರು ಕಷ್ಟಗಳು, ಅಂದರೆ ಕಾಯುವುದು, ಕಿವಿಗಡಚಿಕ್ಕುವ ಸದ್ದು, ಕಲ್ಲಿನಂತೆ ಬಿದ್ದಿರಬೇಕಾದ ಶಿಕ್ಷೆ, ಮೂರೂ ಆ ದೊಡ್ಡ ಕಾಂತದಿಂದ ಬಂದವಲ್ಲ. ದೇಹದ ಯಾವ ಮೂಲೆಯಿಂದ ಯಾವ ಸಿಗ್ನಲ್ ಬಂತು ಎಂದು ಗುರುತು ಹಚ್ಚುವ ವಿಧಾನದಿಂದ ಬಂದವು. ಆ ವಿಧಾನವನ್ನು ಬದಲಿಸುವ ಪ್ರಯತ್ನ ಐವತ್ತು ವರ್ಷಗಳಿಂದ ನಡೆಯುತ್ತಲೇ ಇದೆ.

ಎಂಆರ್‌ಐ ಯಂತ್ರ ಫೋಟೊ ತೆಗೆಯುವುದಿಲ್ಲ. ಅದರಲ್ಲಿ ಲೆನ್ಸಿಲ್ಲ, ಎಕ್ಸ್‌ರೇಯಲ್ಲಿರುವಂತೆ ಆಚೆ ಬದಿಯಲ್ಲಿ ನೆರಳು ಹಿಡಿಯುವ ಹಲಗೆಯೂ ಇಲ್ಲ. ಇರುವುದು ಒಂದು ಬಲವಾದ ಕಾಂತ, ಕೆಲವು ತಂತಿಸುರುಳಿಗಳು, ಒಂದು ರೇಡಿಯೊ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ರೇಡಿಯೊ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ 4.7 ಮೀಟರ್, ದೇಹದೊಳಗೆ ಕುಗ್ಗಿದರೂ ಅರ್ಧ ಮೀಟರಿನ ಆಸುಪಾಸು. ಅಲೆಯಿಂದ ನೋಡುವ ಯಾವ ಉಪಕರಣವೂ ಅಲೆಯ ಉದ್ದಕ್ಕಿಂತ ತೀರ ಸಣ್ಣದನ್ನು ಕಾಣಲಾರದು ಎಂಬುದು ಹಳೆಯ ನಿಯಮ. ಹಾಗಿದ್ದೂ ಈ ಯಂತ್ರ ಒಂದು ಮಿಲಿಮೀಟರಿನ ನರವನ್ನು ತೋರಿಸುತ್ತದೆ. ಬಿದಿರಿನ ಗಳದಲ್ಲಿ ಸಾಸಿವೆ ಅಳೆದ ಹಾಗೆ.

ದೇಹದ ನೀರಿನಲ್ಲಿ, ಕೊಬ್ಬಿನಲ್ಲಿ ಇರುವ ಹೈಡ್ರೋಜನ್ನಿನ ಬೀಜವೆಂದರೆ ಒಂದು ಪ್ರೋಟಾನ್. ಅದನ್ನು ಗಾಣದೆತ್ತು ಅಂದುಕೊಳ್ಳಿ. ಕಾಂತದೊಳಗಿಟ್ಟು ರೇಡಿಯೊ ಅಲೆಯಿಂದ ಒಮ್ಮೆ ತಟ್ಟಿದರೆ ಅದು ಗಾಣ ತಿರುಗುತ್ತದೆ, 1 ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ 4.26 ಕೋಟಿ ಸುತ್ತು. ಕಾಂತ ಬಲವಾದಷ್ಟೂ ಎತ್ತಿನ ಓಟ ಹೆಚ್ಚು. ಎಲ್ಲ ಎತ್ತುಗಳ ಕೊರಳಗಂಟೆಯ ನಾದ ಒಟ್ಟಾಗಿ ಕೇಳುವುದೇ ಯಂತ್ರಕ್ಕೆ ಸಿಗುವ ಸಿಗ್ನಲ್. ಅದಾದರೂ ಎಷ್ಟು? ಹತ್ತು ಲಕ್ಷ ಎತ್ತುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದರ ಸದ್ದನ್ನೊಂದು ಹೊಡೆದುಹಾಕಿ, 1.5 ಟೆಸ್ಲಾದಲ್ಲಿ ಲೆಕ್ಕಕ್ಕೆ ಉಳಿಯುವುದು ಸುಮಾರು ಐದರ ಗಂಟೆ. ಆ ಸಣ್ಣ ನಾದವೂ ಇಡೀ ಊರಿನದು. ಯಾವ ಬೀದಿಯ ಯಾವ ಗಾಣದ್ದು ಎಷ್ಟು ಪಾಲು ಎಂದು ಅದರಲ್ಲಿ ಬರೆದಿರುವುದಿಲ್ಲ. ಅದನ್ನು ಬರೆಯಿಸುವ ಕೆಲಸಕ್ಕೆ ಎಂಆರ್‌ಐ ಮಂದಿ ಎನ್‌ಕೋಡಿಂಗ್ ಅನ್ನುತ್ತಾರೆ. ನಾನು ಇಲ್ಲಿ ವಿಳಾಸ ಬರೆಯುವುದು ಅನ್ನುತ್ತೇನೆ.

ಮೊದಲ ವಿಳಾಸ ಬರೆದವರು ಅಮೆರಿಕದ ರಸಾಯನ ವಿಜ್ಞಾನಿ ಪಾಲ್ ಲೌಟರ್‌ಬರ್. 1971ರ ಸೆಪ್ಟೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಒಂದು ಹ್ಯಾಂಬರ್ಗರ್ ಹೋಟೆಲಿನಲ್ಲಿ ಕೂತಿದ್ದಾಗ ಅವರಿಗೆ ಉಪಾಯ ಹೊಳೆಯಿತು. ರಸಾಯನ ಪ್ರಯೋಗಾಲಯಗಳು ಕಾಂತಕ್ಷೇತ್ರವನ್ನು ಎಲ್ಲೆಡೆ ಸಮವಾಗಿರಿಸಲು ಪಡಬಾರದ ಪಾಡು ಪಡುತ್ತಿದ್ದ ಕಾಲ ಅದು. ಲೌಟರ್‌ಬರ್ ಅದನ್ನು ಬೇಕೆಂದೇ ಓರೆ ಮಾಡಿದರು: ಒಂದು ಕಡೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಸ್ವಲ್ಪ ಕಡಿಮೆ, ನಡುವೆ ಹದವಾದ ಇಳಿಜಾರು. ಮೂಡಣ ಬೀದಿಯ ಎತ್ತು ಬೇಗ ತಿರುಗುತ್ತದೆ, ಪಡುವಣದ್ದು ನಿಧಾನ. ಈಗ ಗಂಟೆಯ ಶ್ರುತಿಯೇ ಬೀದಿಯ ಹೆಸರು. ಅಲೆ ಎಷ್ಟುದ್ದವಾದರೂ ಇರಲಿ, ಶ್ರುತಿಯ ವ್ಯತ್ಯಾಸ ಕೇಳಿಸಿದರೆ ಸಾಕು. ಗಳಕ್ಕೂ ಸಾಸಿವೆಗೂ ಇದ್ದ ಜಗಳ ಅಲ್ಲಿಗೆ ಮುಗಿಯಿತು.

ಈ ವಿದ್ಯೆಗೆ ಅವರು ಕೊಟ್ಟ ಹೆಸರು ಜ್ಯೂಗ್ಮಾಟೋಗ್ರಫಿ. ಗ್ರೀಕ್ ಭಾಷೆಯಲ್ಲಿ ಜ್ಯೂಗ್ಮಾ ಎಂದರೆ ಜೊತೆಗೂಡಿಸುವಂಥದ್ದು, ನೊಗ. ಕಾಂತಕ್ಷೇತ್ರವನ್ನೂ ರೇಡಿಯೊ ಅಲೆಯನ್ನೂ ಒಂದೇ ನೊಗಕ್ಕೆ ಹೂಡಿದ್ದಾಯಿತು ಎಂಬ ಅರ್ಥದಲ್ಲಿ. ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ನನಗೆ ಮಾತ್ರ ಬಲು ಇಷ್ಟ, ಗಾಣದೆತ್ತುಗಳು ತಲೆಗೆ ಬಂದದ್ದೇ ಆ ನೊಗದಿಂದ. ಅವರ ಲೇಖನವನ್ನು ನೇಚರ್ ಪತ್ರಿಕೆ ಮೊದಲು ತಿರಸ್ಕರಿಸಿ ಆಮೇಲೆ 1973ರಲ್ಲಿ ಪ್ರಕಟಿಸಿತು. ಅದರಲ್ಲಿದ್ದ ಚಿತ್ರ ಒಂದು ಮಿಲಿಮೀಟರ್ ಒಳಗಲದ ಎರಡು ಗಾಜಿನ ನಳಿಗೆಗಳದ್ದು. ಅವುಗಳಲ್ಲಿ ಮಾಮೂಲಿ ನೀರು, ಸುತ್ತ ಭಾರಜಲದ ಮಿಶ್ರಣ. ಇಳಿಜಾರನ್ನು ನಾಲ್ಕು ದಿಕ್ಕಿಗೆ ತಿರುಗಿಸಿ, ನಾಲ್ಕು ಕಡೆಯಿಂದ ನೆರಳು ಹಿಡಿದು, ನೆರಳುಗಳನ್ನು ಕೂಡಿಸಿ ಆ ಚಿತ್ರ ಕಟ್ಟಿದ್ದರು. ಎರಡು ಮಸುಕು ಚುಕ್ಕೆಗಳು, ಅಷ್ಟೇ.

1974ರಲ್ಲಿ ಲೌಟರ್‌ಬರ್ ಅವರ ಭಾಷಣ ಕೇಳಿದವರಲ್ಲಿ ಜ್ಯೂರಿಚ್‌ನ ರಿಚರ್ಡ್ ಅರ್ನ್ಸ್ಟ್ ಒಬ್ಬರು. ಮರುವರ್ಷ ಅವರು ಪ್ರಕಟಿಸಿದ ಲೇಖನದ ಮೊದಲ ಹೆಸರು ಅನಿಲ್ ಕುಮಾರ್, ಎರಡನೆಯದು ಡೀಟರ್ ವೆಲ್ಟಿ, ಮೂರನೆಯದು ಅರ್ನ್ಸ್ಟ್. ಈ ಅನಿಲ್ ಕುಮಾರ್ ಆಮೇಲೆ ಬೆಂಗಳೂರಿಗೆ ಬಂದು, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಇವತ್ತು ಜಗತ್ತಿನ ಬಹುಪಾಲು ಎಂಆರ್‌ಐ ಯಂತ್ರಗಳು ವಿಳಾಸ ಬರೆಯುವುದು ಆ 1975ರ ಲೇಖನದ ಲಿಪಿಯಲ್ಲಿ. ಮಲ್ಲೇಶ್ವರದಿಂದ ಯಶವಂತಪುರಕ್ಕೆ ಹೋಗುವಾಗ ಆ ಕಾಂಪೌಂಡಿನ ಪಕ್ಕದಲ್ಲೇ ಸಾವಿರ ಸಲ ಹಾದಿರುವ ನನಗೆ ಇದು ಗೊತ್ತಾದದ್ದು ಕೆಮ್ಮಿದ ಮೇಲೆ.

ಆ ಲಿಪಿ ಹೀಗಿದೆ. ಮೂಡಣ-ಪಡುವಣ ದಿಕ್ಕಿಗೆ ಶ್ರುತಿಯ ವಿಳಾಸ ಆಯಿತು. ತೆಂಕು-ಬಡಗು ದಿಕ್ಕಿಗೆ ಏನು ಮಾಡುವುದು? ಗಂಟೆ ಕೇಳುವ ಮುನ್ನ, ಕ್ಷಣಹೊತ್ತು ಮಾತ್ರ, ಬಡಗಣ ಬೀದಿಯ ಎತ್ತುಗಳನ್ನು ಸ್ವಲ್ಪ ಜೋರಾಗಿ ಓಡಿಸಿ ಮತ್ತೆ ಎಲ್ಲವನ್ನೂ ಒಂದೇ ವೇಗಕ್ಕೆ ತನ್ನಿ. ವೇಗದಲ್ಲಿ ಈಗ ವ್ಯತ್ಯಾಸವಿಲ್ಲ, ಆದರೆ ಸುತ್ತಿನಲ್ಲಿ ಯಾವ ಎತ್ತು ಎಲ್ಲಿದೆ ಎಂಬುದರಲ್ಲಿ ಇದೆ. ಒಂದು ಗಾಣದ ಮುಂದಿರುವಾಗ ಇನ್ನೊಂದು ಪಕ್ಕಕ್ಕೆ, ಮತ್ತೊಂದು ಹಿಂದೆ. ಈ ಹಿಂದುಮುಂದಿಗೆ ಫೇಸ್ ಎಂದು ಹೆಸರು. ತೊಡಕು ಏನೆಂದರೆ, ಕಿವಿಗೆ ಬೀಳುವುದು ಎಲ್ಲದರ ಮೊತ್ತ. ಒಂದು ಸಾಲಿನಲ್ಲಿ 256 ಗಾಣಗಳಿದ್ದರೆ 256 ಅಜ್ಞಾತಗಳು, ಕೈಯಲ್ಲಿರುವುದು ಒಂದೇ ಸಮೀಕರಣ. ಹೈಸ್ಕೂಲಿನಲ್ಲಿ ಕಲಿತದ್ದೇ: ಅಜ್ಞಾತಗಳೆಷ್ಟೋ ಸಮೀಕರಣಗಳೂ ಅಷ್ಟೇ ಬೇಕು. ಹಾಗಾಗಿ ಓಡಿಸುವ ಜೋರನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪ ಬದಲಿಸುತ್ತ 256 ಸಲ ಕೇಳಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎತ್ತುಗಳು ಸುಧಾರಿಸಿಕೊಳ್ಳಲು ಎರಡು ಸೆಕೆಂಡ್ ಬಿಟ್ಟರೆ 512 ಸೆಕೆಂಡ್, ಎಂಟೂವರೆ ನಿಮಿಷ. 1980ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದವರು ಇದನ್ನು ಪಳಗಿಸಿ ರೋಗಿಗಳ ಮೇಲೆ ನಡೆಯುವ ಹಾಗೆ ಮಾಡಿದರು. ಓಡಿಸುವ ಹೊತ್ತನ್ನು ಹಿಗ್ಗಿಸುವ ಬದಲು, ಹೊತ್ತು ಒಂದೇ ಇಟ್ಟು ಜೋರನ್ನು ಮಾತ್ರ ಬದಲಿಸಿದ್ದು ಅವರ ಜಾಣತನ.

ಈಗ ನನ್ನ ಕೆಮ್ಮಿಗೆ ಬರೋಣ. ಶ್ರುತಿಯ ದಿಕ್ಕಿನ ವಿಳಾಸವನ್ನು ಓದುವುದಕ್ಕೆ ಕೆಲವು ಮಿಲಿಸೆಕೆಂಡ್ ಸಾಕು, ಅಷ್ಟರಲ್ಲಿ ಯಾವ ಕೆಮ್ಮೂ ಏನೂ ಮಾಡಲಾರದು. ಫೇಸ್ ದಿಕ್ಕಿನ ವಿಳಾಸ ಮಾತ್ರ ನಿಮಿಷಗಟ್ಟಲೆ, ಸಾಲು ಸಾಲಾಗಿ ಬರೆದದ್ದು. ನಡುವೆ ನಾನು ಅಲ್ಲಾಡಿದೆ. ಅಲ್ಲಿಂದಾಚೆಗಿನ ಸಮೀಕರಣಗಳು ಹಿಂದಿನವಕ್ಕೆ ತಾಳೆಯಾಗಲಿಲ್ಲ. ಲೆಕ್ಕ ಬಿಡಿಸುವ ಕಂಪ್ಯೂಟರಿಗೆ ಕೆಮ್ಮು ಗೊತ್ತಿಲ್ಲ, ತಾಳೆಯಾಗದ್ದನ್ನೆಲ್ಲ ಫೇಸ್ ದಿಕ್ಕಿನುದ್ದಕ್ಕೂ ಹಂಚಿಬಿಟ್ಟಿತು. ಹೊಟ್ಟೆ ಯಾವ ಕಡೆಗೆ ಆಡಿದರೂ ನೆರಳು ಒಂದೇ ಕಡೆಗೆ. ಹುಡುಗ ಹೇಳಿದ್ದು ಅದನ್ನೇ.

ಸದ್ದಿನ ಕಥೆಯೂ ಇದರಲ್ಲೇ ಇದೆ. ಇಳಿಜಾರು ಮಾಡುವ ತಂತಿಸುರುಳಿಗಳಿಗೆ, ಅಂದರೆ ಗ್ರೇಡಿಯೆಂಟ್ ಕಾಯಿಲ್‌ಗಳಿಗೆ, ಕ್ಷಣಕ್ಷಣಕ್ಕೂ ವಿದ್ಯುತ್ತು ಹಾಕಿ ತೆಗೆಯಬೇಕು. ಕಾಂತದೊಳಗಿನ ಸುರುಳಿಗೆ ವಿದ್ಯುತ್ತು ಹರಿದರೆ ಅದು ಒದೆಯುತ್ತದೆ. ಮನೆಯ ಲೌಡ್‌ಸ್ಪೀಕರ್ ಕೆಲಸ ಮಾಡುವುದು ಇದೇ ತತ್ವದಲ್ಲಿ. ಎಂಆರ್‌ಐ ಸುರಂಗವೆಂದರೆ ಆಳೆತ್ತರದ ಒಂದು ಸ್ಪೀಕರಿನ ಹೊಟ್ಟೆ, ನಾವು ಅದರೊಳಗೆ ಮಲಗಿರುತ್ತೇವೆ. ಆ ಟಕಟಕ, ಗುಂಯ್, ಡಬಡಬ ಎಲ್ಲವೂ ವಿಳಾಸ ಬರೆಯುತ್ತಿರುವ ಲೇಖನಿಯ ಸದ್ದು. ಕಾಂತ ಹಗಲೂ ರಾತ್ರಿ ಅಲ್ಲೇ ಇರುತ್ತದೆ, ಅದು ಮಾತಾಡುವುದಿಲ್ಲ.

ಹಾಗಾದರೆ ಬೇರೆ ಲಿಪಿಯಲ್ಲಿ ಬರೆಯಬಾರದೇ? ಬರೆಯಬಹುದು. ಸಂತೆಯ ತಕ್ಕಡಿಯೊಂದನ್ನು ತೆಗೆದುಕೊಳ್ಳಿ, ಪ್ರತಿ ಸಲ ತೂಗಿದಾಗಲೂ ಅಷ್ಟಿಷ್ಟು ತಪ್ಪುವಂಥದ್ದು. ಒಂದು ಕುಂಬಳಕಾಯಿ, ಒಂದು ಸೋರೆಕಾಯಿ. ಬೇರೆ ಬೇರೆ ತೂಗಿದರೆ ಎರಡು ತೂಕ, ಒಂದೊಂದರಲ್ಲೂ ಒಂದು ಪೂರ್ತಿ ತಪ್ಪು. ಬದಲಿಗೆ ಮೊದಲ ಸಲ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮೊತ್ತ ತೂಗಿ. ಎರಡನೆಯ ಸಲ ಆ ತಟ್ಟೆಗೊಂದು ಈ ತಟ್ಟೆಗೊಂದು ಇಟ್ಟು ವ್ಯತ್ಯಾಸ ತೂಗಿ. ಕೂಡಿ ಅರ್ಧ ಮಾಡಿದರೆ ಕುಂಬಳ, ಕಳೆದು ಅರ್ಧ ಮಾಡಿದರೆ ಸೋರೆ. ತೂಗಿದ್ದು ಎರಡೇ ಸಲ, ಆದರೆ ತಪ್ಪು ಹತ್ತಿದ್ದದ್ದು ಏಳಕ್ಕೆ ಇಳಿಯುತ್ತದೆ. ನಾಲ್ಕು ಕಾಯಿಗಳನ್ನು ಹೀಗೆ ನಾಲ್ಕು ಸಲ ಅದಲುಬದಲಾಗಿ ತೂಗಿದರೆ ತಪ್ಪು ಅರ್ಧ. ಕೂಡು-ಕಳೆಗಳ ಈ ಆಟಕ್ಕೆ ಫ್ರೆಂಚ್ ಗಣಿತಜ್ಞ ಹಡಮಾರ್ ಅವರ ಹೆಸರಿದೆ. 1980ರ ದಶಕದ ಕೊನೆಯಲ್ಲಿ ದೇಹದ ಹಲವು ಪದರಗಳನ್ನು ಒಟ್ಟಿಗೆ ತಟ್ಟಿ, ಪ್ರತಿ ಪದರಕ್ಕೂ ಪ್ಲಸ್ಸೋ ಮೈನಸ್ಸೋ ಹಚ್ಚಿ, ಆಮೇಲೆ ಬಿಡಿಸಿಕೊಳ್ಳಲು ಎಂಆರ್‌ಐಯವರು ಇದನ್ನು ಬಳಸಿಕೊಂಡರು. ಜ್ಯೂರಿಚ್‌ನ ಲಿಪಿ ಇಷ್ಟು ಗಟ್ಟಿಯಾಗಿ ನಿಂತದ್ದೂ ಇದೇ ಗುಣದಿಂದ: ಅದರ 256 ಅಳತೆಗಳಲ್ಲಿ ಪ್ರತಿಯೊಂದರಲ್ಲೂ ಇಡೀ ಪದರ ತಕ್ಕಡಿಯ ಮೇಲಿರುತ್ತದೆ.

ಇದನ್ನು ಮರೆತವರಿಗೆ ಪೆಟ್ಟು ಬಿತ್ತು. 1990ರ ಸುಮಾರಿಗೆ ವೇವ್‌ಲೆಟ್ ಎಂಬ ಗಣಿತ ಎಲ್ಲರ ಬಾಯಲ್ಲಿತ್ತು, ಉದ್ದಕ್ಕೂ ಹರಿಯುವ ಅಲೆಗೆ ಬದಲು ಎಲ್ಲೋ ಒಂದೆಡೆ ಎದ್ದು ಅಲ್ಲೇ ಅಡಗುವ ಕಿರುಅಲೆ. 1992ರಲ್ಲಿ ಅಮೆರಿಕದ ಡಾರ್ಟ್‌ಮತ್‌ನ ತಂಡವೊಂದು ವಿಳಾಸವನ್ನು ಇದರಲ್ಲೇ ಬರೆಯಬಹುದೆಂದು ತೋರಿಸಿತು. ಅನುಕೂಲ ಕಣ್ಣಿಗೆ ಕಟ್ಟುವಂತಿದೆ: ಒಂದೊಂದು ಅಳತೆಯೂ ಒಂದೊಂದು ತುಣುಕಿನದ್ದಾದ್ದರಿಂದ ಒಂದೆಡೆ ಅಲ್ಲಾಡಿದ್ದು ಅಲ್ಲಿಗೇ ನಿಲ್ಲುತ್ತದೆ. ನನ್ನ ಕೆಮ್ಮು ಹೊಟ್ಟೆಯನ್ನಷ್ಟೇ ಕೆಡಿಸಿ ಬೆನ್ನುಮೂಳೆಯನ್ನು ಬಿಡುತ್ತಿತ್ತೋ ಏನೋ. ಆದರೆ ಪ್ರತಿ ಅಳತೆಯಲ್ಲೂ ಒಂದು ತುಣುಕು ಮಾತ್ರ ಗಂಟೆ ಬಾರಿಸುತ್ತದೆ, ಉಳಿದ ಊರು ಸುಮ್ಮನಿರುತ್ತದೆ. ಕಾಯಿಗಳನ್ನು ಒಂದೊಂದಾಗಿ ತೂಗಿದ ಹಾಗಾಯಿತು. ಮೊದಲೇ ಹತ್ತು ಲಕ್ಷಕ್ಕೆ ಐದು ಎತ್ತುಗಳ ಬಡತನ, ಅದರಲ್ಲಿ ಇಂಥ ದುಂದು ನಡೆಯಲಿಲ್ಲ. ವೇವ್‌ಲೆಟ್ ಲಿಪಿ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಆದರೆ ಇದರ ಹೆಸರು ನೆನಪಿಟ್ಟುಕೊಂಡಿರಿ.

ಲೌಟರ್‌ಬರ್ ಜೊತೆ 2003ರ ನೊಬೆಲ್ ಹಂಚಿಕೊಂಡ ನಾಟಿಂಗ್‌ಹ್ಯಾಮಿನ ಪೀಟರ್ ಮ್ಯಾನ್ಸ್‌ಫೀಲ್ಡ್ 1977ರಲ್ಲೇ ಬೇರೆ ದಾರಿ ಹೇಳಿದ್ದರು: ಎತ್ತುಗಳನ್ನು ಒಂದೇ ಸಲ ತಟ್ಟಿ, ಅವು ಸುಸ್ತಾಗುವುದರೊಳಗೆ ಎಲ್ಲ ಸಾಲುಗಳನ್ನೂ ದಡದಡ ಬರೆದು ಮುಗಿಸುವುದು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಇಡೀ ಪದರ. ಕೆಮ್ಮಿಗೆ ಪುರುಸೊತ್ತೇ ಇಲ್ಲ. ಪಾರ್ಶ್ವವಾಯು ಬಡಿದವರ ಮಿದುಳನ್ನು ನೋಡುವುದೂ, ಯೋಚಿಸುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆಂದು ಹುಡುಕುವುದೂ ಬಹುಮಟ್ಟಿಗೆ ಇದರಿಂದಲೇ. ಬರವಣಿಗೆ ಮಾತ್ರ ಗಡಿಬಿಡಿಯದು. ಮೂಗು, ಕಿವಿಗಳ ಗಾಳಿಗೂಡಿನ ಹತ್ತಿರ ಚಿತ್ರ ಸೊಟ್ಟಗಾಗುತ್ತದೆ, ಸದ್ದಂತೂ ಹೇಳತೀರದು.

ನಿಜವಾಗಿ ಆಸ್ಪತ್ರೆಯ ಸರದಿಯನ್ನು ಚಿಕ್ಕದು ಮಾಡಿದ್ದು ಬೇರೆ ಉಪಾಯ. ಬರೆಯುವುದನ್ನು ಕಡಿಮೆ ಮಾಡಿ ಕೇಳುವ ಕಿವಿಗಳನ್ನು ಹೆಚ್ಚಿಸಿದರು. ದೇಹದ ಸುತ್ತ ಹತ್ತಾರು ಸಣ್ಣ ಕಾಯಿಲ್‌ಗಳನ್ನಿಟ್ಟರೆ ಒಂದೊಂದೂ ತನ್ನ ಹತ್ತಿರದ್ದನ್ನು ಜೋರಾಗಿ, ದೂರದ್ದನ್ನು ಮೆಲ್ಲಗೆ ಕೇಳುತ್ತದೆ. ಅದೇ ಒಂದು ವಿಳಾಸ, ಬರೆಯದೆ ಸಿಕ್ಕಿದ್ದು. 1997ರಲ್ಲಿ ಬಾಸ್ಟನ್ನಿನ ಸೊಡಿಕ್‌ಸನ್ ಮತ್ತು ಮ್ಯಾನಿಂಗ್, 1999ರಲ್ಲಿ ಜ್ಯೂರಿಚ್‌ನ ಪ್ರೂಸ್‌ಮನ್ ಮತ್ತು ಸಂಗಡಿಗರು ಇದನ್ನು ಸಾಧಿಸಿದರು. ಒಂದು ಬಿಟ್ಟು ಒಂದು ಸಾಲು ಬರೆದರೆ ಸಮಯ ಅರ್ಧ, ಆದರೆ ಚಿತ್ರ ಮಡಚಿಕೊಳ್ಳುತ್ತದೆ. ಬಣ್ಣ ಹಸಿಯಿರುವಾಗಲೇ ಮಡಚಿಟ್ಟ ಸೀರೆಯಂತೆ, ಸೆರಗಿನ ಹೂವು ಒಡಲಿನ ಮೇಲೆ ಅಚ್ಚಾಗಿರುತ್ತದೆ. ಒಂದು ಜಾಗದಲ್ಲಿ ಸೆರಗಿನದು x, ಒಡಲಿನದು y ಕೂಡಿಹೋಗಿವೆ ಅನ್ನಿ. ಸೆರಗಿನ ಬಳಿಯ ಕಾಯಿಲ್ ಮೊದಲಿನದನ್ನು ಮೂರರಷ್ಟು ಜೋರಾಗಿ ಕೇಳಿ 11 ಎಂದು ಹೇಳಿತು, ಒಡಲಿನ ಬಳಿಯದು ಎರಡನೆಯದನ್ನು ಮೂರರಷ್ಟು ಕೇಳಿ 9 ಎಂದಿತು. 3x+y=11, x+3y=9. ನಿಮ್ಮ ಮನೆಯ ಹೈಸ್ಕೂಲು ಹುಡುಗಿ ಹೇಳುತ್ತಾಳೆ: x 3, y 2. ಸೀರೆ ಬಿಚ್ಚಿಕೊಂಡಿತು. ಇದಕ್ಕೂ ತೆರಿಗೆಯಿದೆ. ಅರ್ಧ ಅಳತೆಗೆ ಚಿತ್ರದ ಗರಗರ ಕಡಿಮೆಯೆಂದರೂ 1.4 ಪಟ್ಟು ಏರುತ್ತದೆ, ಕಿವಿಗಳು ಒಂದೇ ಥರ ಕೇಳುವ ಮಧ್ಯಭಾಗದಲ್ಲಿ ಇನ್ನೂ ಹೆಚ್ಚು. ಆದರೂ ಇಂದು ಈ ಸೌಲಭ್ಯವಿಲ್ಲದ ಹೊಸ ಯಂತ್ರ ಸಿಗುವುದು ಕಷ್ಟ.

ಆಮೇಲೆ ಬಂದವರು ಸಮೀಕರಣಗಳ ನಿಯಮವನ್ನೇ ಪ್ರಶ್ನಿಸಿದರು. 256 ಅಜ್ಞಾತಗಳಿಗೆ 256 ಸಮೀಕರಣ ಬೇಕೆಂಬುದು, ಆ ಅಜ್ಞಾತಗಳು ಏನು ಬೇಕಾದರೂ ಆಗಿರಬಹುದು ಅನ್ನುವಾಗ. ದೇಹದ ಚಿತ್ರ ಏನು ಬೇಕಾದರೂ ಆಗಿರುವುದಿಲ್ಲ. ಯಕೃತ್ತು ಯಕೃತ್ತಿನಂತೆಯೇ ಇರುತ್ತದೆ, ದೊಡ್ಡ ಹರಹು ಒಂದೇ ಬಣ್ಣ, ಅಲ್ಲಲ್ಲಿ ಅಂಚು. ನಿಮ್ಮ ಮೊಬೈಲು ಫೋಟೊವನ್ನು ಹಿಂಡಿ ಹತ್ತರಲ್ಲೊಂದು ಗಾತ್ರಕ್ಕೆ ತಂದು ಕಳಿಸುವುದು ಈ ಗುಣದಿಂದಲೇ. ಸವೆದ ಶಾಸನ ಓದುವವರನ್ನು ನೋಡಿ, ಅಲ್ಲಲ್ಲಿ ಅಕ್ಷರ ಹೋಗಿದ್ದರೂ ಭಾಷೆಯ ಕಟ್ಟುಪಾಡು ಗೊತ್ತಿದ್ದರಿಂದ ತುಂಬಿಕೊಳ್ಳುತ್ತಾರೆ. 2006ರಲ್ಲಿ ಕ್ಯಾಂಡೆಸ್, ರೋಮ್‌ಬರ್ಗ್, ಟಾವೊ ಎಂಬ ಮೂವರು ಗಣಿತಜ್ಞರು ಒಂದು ಪರೀಕ್ಷಾಚಿತ್ರವನ್ನು ಬರೀ 22 ಗೆರೆಗಳ ಅಳತೆಯಿಂದ ಚೂರೂ ಕೊಂಕಿಲ್ಲದೆ ಮರಳಿ ಕಟ್ಟಿ ತೋರಿಸಿದರು. 2007ರಲ್ಲಿ ಸ್ಟಾನ್‌ಫರ್ಡ್‌ನ ಲಸ್ಟಿಗ್, ಡೊನೊಹೊ, ಪಾಲಿ ಇದನ್ನು ಎಂಆರ್‌ಐಗೆ ತಂದರು. ಗುಟ್ಟು ಸಾಲು ಬಿಡುವ ಕ್ರಮದಲ್ಲಿದೆ. ಒಂದು ಬಿಟ್ಟು ಒಂದು ಎಂದು ನೇಮವಾಗಿ ಬಿಟ್ಟರೆ ಚಿತ್ರ ಮಡಚುತ್ತದೆ. ಅಡ್ಡಾದಿಡ್ಡಿ ಬಿಟ್ಟರೆ ತಪ್ಪು ಧೂಳಿನಂತೆ ಎಲ್ಲೆಡೆ ಚದುರುತ್ತದೆ, ಧೂಳು ಒರೆಸಬಹುದು. ಒರೆಸುವ ಬಟ್ಟೆ ಯಾವುದು ಗೊತ್ತೇ? ಹದಿನೈದು ವರ್ಷ ಹಿಂದೆ ಬಾಗಿಲಿನಿಂದಲೇ ವಾಪಸಾಗಿದ್ದ ವೇವ್‌ಲೆಟ್. ಬರೆಯುವುದಕ್ಕೆ ಕೆಲಸಕ್ಕೆ ಬಾರದ ಲಿಪಿ ಓದುವುದಕ್ಕೆ ಒದಗಿ ಬಂತು. ಈ ಇಡೀ ಕಥೆಯಲ್ಲಿ ನನಗೆ ಅತಿ ಮೆಚ್ಚಿಗೆಯಾದ ತಿರುವು ಇದು.

ಹಾಗೆ ಮರಳಿದ್ದು ಅದೊಂದೇ ಅಲ್ಲ. ಲೌಟರ್‌ಬರ್ ಅವರ ನಾಲ್ಕು ದಿಕ್ಕಿನ ನೆರಳಿನ ವಿಧಾನವನ್ನು ಎಂಬತ್ತರ ದಶಕದಲ್ಲಿ ಮೂಲೆಗೆ ಹಾಕಿದ್ದರು. ಕಾಂತ ಸ್ವಲ್ಪ ಸಮವಿಲ್ಲದಿದ್ದರೂ ಅದರಲ್ಲಿ ಚಿತ್ರ ಕಲಸಿಹೋಗುತ್ತಿತ್ತು. ಈಗಿನ ಕಾಂತಗಳು ಉತ್ತಮ, ಕಂಪ್ಯೂಟರುಗಳೂ ಉತ್ತಮ. ಆ ವಿಧಾನದಲ್ಲಿ ಅಳತೆಯ ಗೆರೆಗಳು ಚಕ್ರದ ಅರೆಗಳಂತೆ ನಡುವಿನಿಂದ ಹಾದು ಹೋಗುತ್ತವೆ, ಅದಕ್ಕೆ ಒಂದು ಗುಣವಿದೆ. ಪ್ರತಿ ಗೆರೆಯೂ ಚಿತ್ರದ ಮುಖ್ಯ ಮಾಹಿತಿ ಇರುವ ಮಧ್ಯಬಿಂದುವನ್ನು ಮುಟ್ಟಿಯೇ ಹೋಗುವುದರಿಂದ ಒಂದಷ್ಟು ಅಲ್ಲಾಟವನ್ನು ಅದು ತಡೆದುಕೊಳ್ಳುತ್ತದೆ. ಉಸಿರು ಬಿಗಿಹಿಡಿಯಲಾಗದ ಮಕ್ಕಳಿಗೆ, ಮುದುಕರಿಗೆ ಹೊಟ್ಟೆಯ ಸ್ಕ್ಯಾನು ಈಗ ಉಸಿರಾಡುತ್ತಲೇ ಆಗುವುದು ಈ ಹಳೆಯ ವಿಧಾನದ ಹೊಸ ರೂಪದಿಂದ.

ಇನ್ನು ಇಳಿಜಾರಿನ ಆಕಾರವನ್ನೇ ಬದಲಿಸಿದವರಿದ್ದಾರೆ. ಜರ್ಮನಿಯ ಫ್ರೈಬುರ್ಗ್‌ನವರು 2008ರಲ್ಲಿ, ಅಮೆರಿಕದ ಯೇಲ್‌ನವರು 2010ರಲ್ಲಿ, ನೇರ ಇಳಿಜಾರಿಗೆ ಬದಲು ಬಟ್ಟಲಿನಂಥ ಬಾಗಿದ ಕ್ಷೇತ್ರಗಳಲ್ಲಿ ಬರೆದು ನೋಡಿದರು. ಬಟ್ಟಲಿನ ಅಂಚಿನಲ್ಲಿ ಅಕ್ಷರ ಸ್ಫುಟ, ತಳ ಸಪಾಟಾದ್ದರಿಂದ ನಡುವೆ ಏನೂ ಮೂಡುವುದಿಲ್ಲ. ಮಿದುಳಿನ ನಡುಭಾಗ ಯಾರಿಗೆ ಬೇಡ? ಗಣಿತ ಚೆಲುವಾಗಿದೆ ಎಂದು ಹೇಳಿ ಮುಂದೆ ಹೋಗುತ್ತೇನೆ.

ಗ್ರೇಡಿಯೆಂಟ್ ಕಾಯಿಲ್‌ಗಳನ್ನೇ ಕಿತ್ತುಹಾಕಿದವರ ಪ್ರಯತ್ನ ಇದಕ್ಕಿಂತ ತೂಕದ್ದು. ಡೇವಿಡ್ ಹೌಲ್ಟ್ 1979ರಲ್ಲೇ ರೇಡಿಯೊ ಅಲೆಯಿಂದಲೇ ವಿಳಾಸ ಬರೆಯಬಹುದೆಂದಿದ್ದರು. 2010ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಅದಕ್ಕೆ ಹೊಸ ರೂಪ ಬಂತು. ಒದೆಯುವ ಸುರುಳಿಯಿಲ್ಲ, ಹಾಗಾಗಿ ಸದ್ದಿಲ್ಲ. ಬಲವಾದ ಕಾಂತದಲ್ಲಿ ಅಷ್ಟು ರೇಡಿಯೊ ಶಕ್ತಿ ದೇಹವನ್ನು ಬಿಸಿಮಾಡುತ್ತದೆ, ಆದ್ದರಿಂದ ಇದು ಸಣ್ಣ ಕಾಂತಗಳಿಗೇ ಸರಿ. ಬಾಸ್ಟನ್ನಿನ ಕ್ಲಾರಿಸ್ಸಾ ಕೂಲಿ, ಲಾರೆನ್ಸ್ ವಾಲ್ಡ್ ಮತ್ತು ಜೊತೆಗಾರರು 2015ರಲ್ಲಿ ಮಾಡಿದ್ದು ಇನ್ನೂ ದಿಟ್ಟ ಕೆಲಸ. ಸಣ್ಣ ಕಾಂತದ ತುಂಡುಗಳನ್ನು ಬಳೆಯಂತೆ ಜೋಡಿಸಿದರೆ ಸಿಗುವ ಕ್ಷೇತ್ರ ಎಂದೂ ಸಮವಿರುವುದಿಲ್ಲ. ಉಳಿದವರು ದೋಷ ಎನ್ನುತ್ತಿದ್ದ ಆ ಏರುಪೇರನ್ನೇ ಅವರು ವಿಳಾಸವಾಗಿ ಬಳಸಿ, ಕಾಂತವನ್ನೇ ತಲೆಯ ಅಳತೆಯ ವಸ್ತುವಿನ ಸುತ್ತ ತಿರುಗಿಸಿ ಚಿತ್ರ ಪಡೆದರು. ಇಡೀ ಯಂತ್ರ 100 ಕಿಲೋಗಿಂತ ಕಡಿಮೆ, ಸದ್ದಿಲ್ಲ, ದ್ರವ ಹೀಲಿಯಮ್ ಬೇಕಿಲ್ಲ. ಚಿತ್ರ ಒರಟು, ಒಪ್ಪಿದೆ. ಆದರೆ ನೆಲ ಗಟ್ಟಿ ಮಾಡಿಸಿ, ತಾಮ್ರದ ಕೋಣೆ ಕಟ್ಟಿಸಿ, ಕೋಟಿಗಟ್ಟಲೆ ಸುರಿಯಲಾರದ ಆಸ್ಪತ್ರೆಗಳ ದೃಷ್ಟಿಯಿಂದ ನೋಡಿದರೆ, ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದೂರ ಹೋಗಬಲ್ಲದ್ದು ಈ ದಾರಿಯೇ ಎಂದು ನನ್ನ ಅಂದಾಜು. ದೊಡ್ಡ ಯಂತ್ರಗಳ ಕಡೆಯೂ ನಮ್ಮ ಬೆಂಗಳೂರು ಸುಮ್ಮನೆ ಕೂತಿಲ್ಲ. ದೇಶದ ಮೊದಲ ಸ್ವದೇಶಿ ಎಂಆರ್‌ಐ ಎಂದು 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 1.5 ಟೆಸ್ಲಾ ಯಂತ್ರ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿಯದು.

2013ರಲ್ಲಿ ಕ್ಲೀವ್‌ಲ್ಯಾಂಡಿನವರು ಬೆರಳಚ್ಚು ಎಂಬ ಹೆಸರಿನಲ್ಲಿ ತಂದ ವಿಧಾನ ವಿಳಾಸದ ಜೊತೆಗೆ ಜಾತಕವನ್ನೂ ಬರೆಸುತ್ತದೆ. ತಟ್ಟುವ ಜೋರು, ನಡುವಿನ ಬಿಡುವು ಎಲ್ಲವನ್ನೂ ಬೇಕೆಂದೇ ಏರುಪೇರು ಮಾಡುತ್ತ ಹೋದರೆ ಕೊಬ್ಬು, ನೀರು, ಗಡ್ಡೆ ಒಂದೊಂದೂ ತನ್ನದೇ ಲಯದಲ್ಲಿ ಉತ್ತರ ಕೊಡುತ್ತದೆ. ಆ ಲಯವನ್ನು ಮೊದಲೇ ಲೆಕ್ಕಹಾಕಿಟ್ಟ ನಿಘಂಟಿನಲ್ಲಿ ಹುಡುಕಿ ಅಂಗಾಂಶದ ಗುಣವನ್ನು ಅಂಕಿಯಲ್ಲಿ ಹೇಳುತ್ತಾರೆ. ಕಪ್ಪು-ಬಿಳುಪು ಛಾಯೆ ನೋಡಿ ಅಂದಾಜಿಸುವ ಬದಲು ಅಂಕಿ ಸಿಗುವುದು ದೊಡ್ಡ ಲಾಭ.

ಈಗಿನ ಗದ್ದಲವೆಲ್ಲ ಕೃತಕ ಬುದ್ಧಿಮತ್ತೆಯದು. ಸಾವಿರಾರು ಸ್ಕ್ಯಾನುಗಳನ್ನು ಉಂಡು ಬೆಳೆದ ಪ್ರೋಗ್ರಾಮು ಕಾಲುಭಾಗ ಅಳತೆಯಿಂದ ಪೂರ್ತಿ ಚಿತ್ರ ಕಟ್ಟುತ್ತದೆ. ಇದಕ್ಕಾಗಿ ಫೇಸ್‌ಬುಕ್ ಮತ್ತು ನ್ಯೂಯಾರ್ಕಿನ ಎನ್‌ವೈಯು ಲ್ಯಾಂಗೋನ್ 2018ರಲ್ಲಿ ಮೊಣಕಾಲಿನ ಸ್ಕ್ಯಾನುಗಳ ದೊಡ್ಡ ಸಂಗ್ರಹವನ್ನು ಎಲ್ಲರಿಗೂ ತೆರೆದವು. ಚಿತ್ರಗಳು ಕಣ್ಣಿಗೆ ಚೆನ್ನಾಗಿಯೇ ಇರುತ್ತವೆ. ನನ್ನ ಅಳುಕು ಬೇರೆ. ಹತ್ತು ಸಾವಿರ ಶಾಸನ ಓದಿದ ಪಂಡಿತರು ಸವೆದ ಜಾಗದಲ್ಲಿ ಅಭ್ಯಾಸಬಲದಿಂದ ಎಂದಿನ ಬಿರುದನ್ನೇ ಓದಿಬಿಡುವುದುಂಟು, ಅಲ್ಲಿದ್ದದ್ದು ಬೇರೆಯೇ ಹೆಸರಾಗಿದ್ದರೂ. ಅದೇ ಸಂಸ್ಥೆಗಳು 2020ರಲ್ಲಿ ಮಿದುಳಿನ ಸ್ಕ್ಯಾನುಗಳ ಮೇಲೆ ನಡೆಸಿದ ಸ್ಪರ್ಧೆಯಲ್ಲಿ, ತೀರ ಕಡಿಮೆ ಅಳತೆಯಿಂದ ಕಟ್ಟಿದ ಕೆಲವು ಚಿತ್ರಗಳಲ್ಲಿ ಮೂಲದಲ್ಲಿ ಇಲ್ಲದ ರಚನೆಗಳು ಮೂಡಿದ್ದನ್ನು ವೈದ್ಯರು ಗುರುತಿಸಿದರು. ಗರಗರ ಚಿತ್ರ ತನಗೆ ಗೊತ್ತಿಲ್ಲವೆಂದು ತಾನೇ ಹೇಳುತ್ತದೆ. ನುಣುಪಾದ ಚಿತ್ರ ಹೇಳುವುದಿಲ್ಲ.

ಇವತ್ತು ನೀವು ಸೊಂಟಕ್ಕೋ ಮೊಣಕಾಲಿಗೋ ಎಂಆರ್‌ಐ ಮಾಡಿಸಲು ಹೋದರೆ ಬಹುತೇಕ ಸಿಗುವುದು ಜ್ಯೂರಿಚ್ ಲಿಪಿ, ಅಬರ್ಡೀನ್ ಕೈಬರಹ, ಅದರ ಮೇಲೆ ಹತ್ತಾರು ಕಿವಿಗಳು. ಸಾಲು ಸಾಲಾಗಿ ಬರೆಯುವುದು ಇನ್ನೂ ನಿಂತಿಲ್ಲ, ಕೆಮ್ಮಿನ ನೆರಳೂ ನಿಂತಿಲ್ಲ. ಆದ್ದರಿಂದ ಅನುಭವಸ್ಥನ ಒಂದು ಮಾತು. ಸದ್ದು ಇರುವಷ್ಟು ಹೊತ್ತು ವಿಳಾಸ ಬರೆಯುತ್ತಿದ್ದಾರೆಂದು ತಿಳಿದು ಬಿದ್ದಲ್ಲೇ ಬಿದ್ದಿರಿ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಲವು ಸೆಕೆಂಡ್ ಸದ್ದು ನಿಲ್ಲುತ್ತದೆ. ಸೊಂಟವನ್ನು ಇದ್ದಲ್ಲೇ ಇಟ್ಟುಕೊಂಡು, ಕೆಮ್ಮುವುದಿದ್ದರೆ ಆಗ ಕೆಮ್ಮಿ.